ಲಾಯದಲ್ಲಿ ಆರುನೂರು ಕುದುರೆ

ಹೊಲ, ತೋಟ ಇರುವ ಅಜ್ಜಂದಿರಿಗೆ ‘ಐದು ಎಚ್‌ಪಿ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ಲಿನಿಂದ ನೀರೆತ್ತಿ ಅಡಿಕೆಗೋ ಕಬ್ಬಿಗೋ ಹಾಯಿಸುವ ಪಂಪ್‌ಸೆಟ್ಟು ಅದು. ಮೊಮ್ಮಕ್ಕಳಿಗೆ ಮಾತ್ರ ಎಚ್‌ಪಿ ಎಂದರೆ ಕಾರು! ಇದಕ್ಕೆ ಮುನ್ನೂರು, ಅದಕ್ಕೆ ಆರುನೂರು ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಒಪ್ಪಿಸುತ್ತಾರೆ. ಕೊನೆಗೆ ಒಂದು ಪ್ರಶ್ನೆಯೂ ಬರುತ್ತದೆ: ಅಷ್ಟು ಶಕ್ತಿಯ ಕಾರು ಕೊಂಡು ದಿನಾ ಅದರಲ್ಲೇ ಓಡಾಡಿದರೆ ಏನಂತೆ? ನಕ್ಕು ತೇಲಿಸಿಬಿಡುವ ಪ್ರಶ್ನೆ ಅದಲ್ಲ. ಈ ವಾರ ಎರಡು ತಲೆಮಾರೂ ಸೇರಿ ಲೆಕ್ಕ ಹಾಕೋಣ.

ಎಚ್‌ಪಿ ಎಂದರೆ ಅಶ್ವಶಕ್ತಿ. ಜೇಮ್ಸ್ ವಾಟ್ ತನ್ನ ಉಗಿ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಕೊಳ್ಳುವವರಿಗೆ ತಿಳಿಸಲು ಈ ಅಳತೆಯನ್ನು ಬಳಕೆಗೆ ತಂದ. ಸುಲಭವಾಗಿ ಹೇಳುವುದಾದರೆ, 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವ ಶಕ್ತಿ. 15 ಲೀಟರ್ ನೀರಿನ ಐದು ಕೊಡಗಳನ್ನು ಒಟ್ಟಿಗೆ ಎತ್ತಿದಂತೆ. ಆರುನೂರು ಎಚ್‌ಪಿಯ ಕಾರೆಂದರೆ 120 ಪಂಪ್‌ಸೆಟ್ಟುಗಳ ಬಲ ಒಂದೇ ಬಾನೆಟ್ಟಿನ ಕೆಳಗೆ.

ಇಂಥ ಕಾರುಗಳಲ್ಲಿ ಜಗತ್ತಿನಲ್ಲೆಲ್ಲ ಹೆಸರಾದದ್ದು ಜಪಾನಿನ ಟೊಯೋಟಾ ಸುಪ್ರಾ. 1993ರಿಂದ 2002ರವರೆಗೆ ಮಾರಾಟವಾದ ಆ ಕಾರಿನ ಮೂರು ಲೀಟರ್ ಎಂಜಿನ್ನಿಗೆ ಸಾಲಾಗಿ ಆರು ಸಿಲಿಂಡರು. ದೊಡ್ಡ ಮಾದರಿಗೆ ಎರಡು ಟರ್ಬೊ. ಕಾರ್ಖಾನೆಯಿಂದ ಹೊರಬರುವಾಗ ಜಪಾನಿನಲ್ಲಿ ಅದರ ಶಕ್ತಿ 280, ಅಮೆರಿಕದಲ್ಲಿ 320. ಆಗ ಜಪಾನಿನ ಕಂಪನಿಗಳೆಲ್ಲ 280ರ ಗೆರೆ ದಾಟುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದವು. ಆದರೆ ಸುಪ್ರಾದ ಎಂಜಿನ್ನಿನ ಎರಕದ ಕಬ್ಬಿಣದ ಮೈ ಎಷ್ಟು ಗಟ್ಟಿ ಎಂದರೆ, ಕೈಚಳಕವಿದ್ದ ಮೆಕ್ಯಾನಿಕ್ಕುಗಳು ಅದರಿಂದ ಆರುನೂರು, ಎಂಟುನೂರು, ಸಾವಿರ ಎಚ್‌ಪಿಯನ್ನೂ ಹೊರಡಿಸಿದರು. 2001ರಲ್ಲಿ ಒಂದು ಹಾಲಿವುಡ್ ಸಿನಿಮಾದಲ್ಲಿ ಕಿತ್ತಳೆ ಬಣ್ಣದ ಸುಪ್ರಾ ಬಂದ ಮೇಲಂತೂ ಕೇಳುವುದೇ ಬೇಡ.

ಶಕ್ತಿ ಹೆಚ್ಚಿಸುವುದು ಹೇಗೆ? ಎಂಜಿನ್ನಿಗೆ ಹೆಚ್ಚು ಗಾಳಿ ಉಣಿಸಿದರೆ ಅದು ಹೆಚ್ಚು ಪೆಟ್ರೋಲ್ ಉರಿಸಬಲ್ಲದು. ಟರ್ಬೊ ಎಂಬುದು ಗಾಳಿ ತುಂಬುವ ತಿರುಗಣಿ. ಹೊರಹೋಗುವ ಹೊಗೆಯ ರಭಸವೇ ಅದನ್ನು ತಿರುಗಿಸುತ್ತದೆ, ಒಲೆಯ ಬಿಸಿಯಿಂದಲೇ ತಿದಿ ಊದಿಸಿಕೊಂಡ ಹಾಗೆ. ಎರಡು ಚಿಕ್ಕ ಟರ್ಬೊ ತೆಗೆದು ಒಂದು ದೊಡ್ಡದನ್ನು ಕೂರಿಸಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೂ ದೊಡ್ಡದು ಮಾಡಿದರೆ ಅರ್ಧ ಕೆಲಸ ಆದಂತೆ.

ಈಗ ಆ ಕಾರನ್ನು ದಿನದ ಓಡಾಟಕ್ಕೆ ಇಳಿಸಿ. ಸಾಧಾರಣ ಕಾರೊಂದು ಮಟ್ಟಸ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಸಾಗಲು ಎಷ್ಟು ಕುದುರೆ ಬೇಕು ಗೊತ್ತೇ? ಹತ್ತಕ್ಕಿಂತ ಕಡಿಮೆ! ಏರು ಹತ್ತಲು, ಲಾರಿ ಹಿಂದಿಕ್ಕಲು ಇನ್ನಷ್ಟು ಬೇಕು, ಸರಿ. ಆದರೂ ಉಳಿದ ಐನೂರು ಚಿಲ್ಲರೆ ಕುದುರೆಗಳು ಇಡೀ ದಿನ ಲಾಯದಲ್ಲೇ ನಿಂತಿರುತ್ತವೆ.

ನಿಂತ ಕುದುರೆಗೂ ಮೇವು ಬೇಕಲ್ಲ! ಹೆಚ್ಚಿನ ಬಲ ಜಾರದೆ ಚಕ್ರಕ್ಕೆ ದಾಟಬೇಕೆಂದು ಕ್ಲಚ್ಚಿಗೆ ಬಿಗಿಯಾದ ಸ್ಪ್ರಿಂಗ್ ಹಾಕಿರುತ್ತಾರೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನೂರು ಸಲ ಅದನ್ನು ತುಳಿದರೆ ಮಂಡಿ ನೋವು ಏನೆಂಬುದು ಅಜ್ಜನಿಗಷ್ಟೇ ಅಲ್ಲ, ಮೊಮ್ಮಗನಿಗೂ ತಿಳಿಯುತ್ತದೆ. ತಗ್ಗಿಸಿದ ಕಾರಿನ ಹೊಟ್ಟೆ ರಸ್ತೆಯ ಉಬ್ಬುಗಳಿಗೆ ತಾಗುತ್ತದೆ. ಆಯಿಲ್ ಬೇಗ ಬೇಗ ಬದಲಿಸಬೇಕು. ಆರುನೂರು ಕುದುರೆಗಳನ್ನೂ ಒಟ್ಟಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು ಮೂರು ಲೀಟರ್ ಪೆಟ್ರೋಲ್!

ಇದು ಖರ್ಚಿನ ಮಾತಾಯಿತು. ಜೀವದ ಮಾತು ಬೇರೆ. ದೊಡ್ಡ ಟರ್ಬೊ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಎಂಜಿನ್ ಮೆಲ್ಲಗೆ ತಿರುಗುವಾಗ ಕಾರು ತೂಕಡಿಸುತ್ತಿರುತ್ತದೆ. ಇನ್ನೂ ಸ್ವಲ್ಪ ಎಂದು ಕಾಲು ಒತ್ತಿದಾಗ ಕುದುರೆಗಳೆಲ್ಲ ಒಂದೇ ಸಲ ಎದ್ದುಬಿಡುತ್ತವೆ. ಸುಪ್ರಾದಲ್ಲಿ ಆ ಬಲವೆಲ್ಲ ಹೋಗುವುದು ಹಿಂದಿನ ಎರಡೇ ಚಕ್ರಗಳಿಗೆ. ಒಂದು ಟೈರು ನೆಲ ಮುಟ್ಟುವ ಜಾಗವೋ, ಹೆಚ್ಚುಕಡಿಮೆ ದೊಡ್ಡವರ ಅಂಗೈಯಷ್ಟು. ಮಳೆಯಲ್ಲಿ ನೆನೆದ ರಸ್ತೆಯಾದರೆ ಆ ಅಂಗೈ ಹಿಡಿತ ಬಿಟ್ಟು, ಕಾರು ಬುಗುರಿಯಂತೆ ತಿರುಗಬಹುದು.

ಮಕ್ಕಳೇ, ಇನ್ನೊಂದು ಲೆಕ್ಕವನ್ನು ನೆನಪಿಡಿ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಣ ರಸ್ತೆಯಲ್ಲಿ 60ರ ವೇಗದ ಕಾರು ಬ್ರೇಕ್ ಒತ್ತಿದ ಮೇಲೆ 20 ಮೀಟರಿಗೆ ನಿಂತರೆ, 120ರ ವೇಗದಲ್ಲಿ ಅದಕ್ಕೆ 80 ಮೀಟರ್ ಬೇಕು. ಬಾನೆಟ್ಟಿನ ಕೆಳಗೆ ಸಾವಿರ ಕುದುರೆ ಇದ್ದರೂ ಈ ದೂರ ಒಂದು ಗೇಣೂ ಕಡಿಮೆಯಾಗುವುದಿಲ್ಲ. ಕುದುರೆಗಳಿಗೆ ಓಡಿಸುವುದು ಮಾತ್ರ ಗೊತ್ತು. ನಿಲ್ಲಿಸುವುದು ಬ್ರೇಕು, ಟೈರು ಮತ್ತು ಮನುಷ್ಯನ ಕೆಲಸ. ರಸ್ತೆ ದಾಟುವ ಮಗುವಿಗೆ ಬೇಕಾದದ್ದು ಈ ಮೂರೇ.

ಹಾಗೆಂದು ಕಾರಿನ ಮೋಹವನ್ನು ಬೈಯಬೇಡಿ, ಅಜ್ಜ ಅಜ್ಜಿಯರೇ. ಒಂದು ಯಂತ್ರವನ್ನು ಬಿಚ್ಚಿ, ಅರಿತು, ಇನ್ನಷ್ಟು ಚೆನ್ನಾಗಿ ಕಟ್ಟುವುದು ದೊಡ್ಡ ವಿದ್ಯೆ. ಬಲ್ಲ ಹವ್ಯಾಸಿಗಳು ಮೊದಲು ಟೈರು, ಬ್ರೇಕು, ಎಂಜಿನ್ ತಂಪಾಗಿಡುವ ವ್ಯವಸ್ಥೆಗೆ ಹಣ ಹಾಕಿ, ಶಕ್ತಿಯ ಮಾತನ್ನು ಕೊನೆಗೆ ಎತ್ತುತ್ತಾರೆ. ದಿನಾ ಓಡಿಸಲೇಬೇಕೆಂದರೆ ಬೇಗ ಎಚ್ಚರಗೊಳ್ಳುವ ಚಿಕ್ಕ ಟರ್ಬೊವನ್ನೇ ಆರಿಸುತ್ತಾರೆ. ಜಪಾನಿನಲ್ಲಿ ಇಂಥವರು ತಮ್ಮ ಕಾರುಗಳೊಂದಿಗೆ ವಾರದ ಕೊನೆಯಲ್ಲಿ ಯೊಕೊಹಾಮಾದ ಡೈಕೊಕು ಎಂಬ ಹೆದ್ದಾರಿ ತಂಗುದಾಣದಲ್ಲಿ ಸೇರುವುದು ಪ್ರಸಿದ್ಧ. ಪೂರ್ತಿ ವೇಗ ನೋಡಬೇಕೆಂದರೆ ಓಟದ ಅಂಕಣಗಳಿವೆ. ಅಲ್ಲಿ ಕಾರು ಹೊಸದಾದಾಗ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯೂ ಇದೆ.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು.

ಕಾರ್ಖಾನೆಯಿಂದ ಬಂದ ಸುಪ್ರಾವನ್ನು ದಿನಾ ಓಡಿಸಬಹುದು. ಆರುನೂರಕ್ಕೆ ಏರಿಸಿದ್ದನ್ನು ದಿನಾ ಓಡಿಸುವುದು ರೇಷ್ಮೆ ಸೀರೆ ಉಟ್ಟು ಪಾತ್ರೆ ತಿಕ್ಕಿದ ಹಾಗೆ. ಸೀರೆಯೂ ಹಾಳು, ಕೆಲಸವೂ ಕಷ್ಟ.

ಈ ವಾರದ ಕೆಲಸ: ನಿಮ್ಮ ಅಶ್ವಶಕ್ತಿ ಎಷ್ಟೆಂದು ನೀವೇ ಅಳೆಯಿರಿ. ಮನೆಯ ಮೆಟ್ಟಿಲು ಹತ್ತಿ ಸಮಯ ನೋಡಿ. ನಿಮ್ಮ ತೂಕವನ್ನು ಮೆಟ್ಟಿಲಿನ ಒಟ್ಟು ಎತ್ತರದಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿ, ಬಂದದ್ದನ್ನು 75ರಿಂದ ಭಾಗಿಸಿ. 30 ಕಿಲೋ ತೂಗುವ ಹುಡುಗಿ ಮೂರು ಮೀಟರ್ ಎತ್ತರವನ್ನು ಆರು ಸೆಕೆಂಡಿನಲ್ಲಿ ಹತ್ತಿದರೆ ಅವಳದು ಐದರಲ್ಲೊಂದು ಅಶ್ವಶಕ್ತಿ. 60 ಕಿಲೋದ ಅಜ್ಜ ಕಂಬಿ ಹಿಡಿದು, ಅವಸರವಿಲ್ಲದೆ, ಹನ್ನೆರಡು ಸೆಕೆಂಡಿನಲ್ಲಿ ಹತ್ತಿದರೆ? ಲೆಕ್ಕ ಮಾಡಿ ನೋಡಿ. ಅಜ್ಜನೇನೂ ಮೊಮ್ಮಗಳಿಗಿಂತ ಕಡಿಮೆಯಲ್ಲ!