ಮಾಂಗಾ ಬರೆಯಲು ಊರಂಗಡಿಯ ಸಾಮಗ್ರಿ ಸಾಕೇ?

ಜಪಾನಿನಲ್ಲಿ ಬೆಳೆದು, ಹೆಚ್ಚಾಗಿ ಕಪ್ಪು-ಬಿಳುಪಿನಲ್ಲೇ ಅಚ್ಚಾಗುವ ಚಿತ್ರಕತೆಯ ಪ್ರಕಾರಕ್ಕೆ ಮಾಂಗಾ ಎಂದು ಹೆಸರು. ತೆಲಂಗಾಣದ ಗಡಿಪಟ್ಟಣಗಳಾದ ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರುಗಳ ಎಳೆಯರಿಗೆ ಈ ಶೈಲಿಯ ಪರಿಚಯ ಸುಲಭವಾಗಿ ಒದಗುವುದು ಪುಸ್ತಕಗಳಿಂದಲ್ಲ, ಹಿಂದಿ ಮತ್ತು ತೆಲುಗಿಗೆ ಡಬ್ ಆದ ಜಪಾನೀ ಅನಿಮೇಷನ್‌ನಿಂದ. ಟಿವಿಯ ಡೋರೆಮಾನ್‌ನಿಂದ ಹಿಡಿದು 2025ರಲ್ಲಿ ತೆಲುಗಿನಲ್ಲೂ ತೆರೆಕಂಡ ‘ಡೀಮನ್ ಸ್ಲೇಯರ್’ ಚಲನಚಿತ್ರದವರೆಗೆ ನೋಡುವುದಕ್ಕೆ ಸಿಗುವುದು ಬೇಕಾದಷ್ಟಿದ್ದರೂ, ನೋಡಿದ್ದನ್ನು ಕೈಯಾರೆ ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಸಾಮಗ್ರಿಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಗಡಿ ಬದಲಾದರೂ ಪೇಟೆಯ ದಾರಿ ಪೂರ್ತಿ ಬದಲಾಗಿಲ್ಲವಾದ್ದರಿಂದ, ಊರಲ್ಲಿ ಸಿಗದ ವಸ್ತುವಿಗಾಗಿ ಜಹೀರಾಬಾದಿನವರು ಹತ್ತಿರದ ಬೀದರಿಗೆ ಹೋಗಬಹುದು, ತಾಂಡೂರಿನವರು ವಾಡಿ-ಸಿಕಂದರಾಬಾದ್ ರೈಲುಮಾರ್ಗ ಹಿಡಿದು ಹೈದರಾಬಾದಿಗೆ ಹೋಗಬಹುದು, ರೈಲೇ ಇಲ್ಲದ ನಾರಾಯಣಖೇಡಿನವರು ಬಸ್ಸನ್ನೋ ಆನ್‌ಲೈನ್ ಅಂಗಡಿಯನ್ನೋ ನಂಬಬೇಕು. ಹೀಗಿರುವಾಗ ಶಾಲಾ ಮಕ್ಕಳಿಗೆಂದು ಊರಿನ ಪುಸ್ತಕದಂಗಡಿಯಲ್ಲಿ ಇಟ್ಟಿರುವ ಪೆನ್ಸಿಲು, ಪೆನ್ನು, ಕಾಗದಗಳೇ ಮಾಂಗಾಕ್ಕೆ ಸಾಕೇ, ಅಥವಾ ಆ ಕಲೆಗೆಂದೇ ತಯಾರಾದ ಉಪಕರಣಗಳು ಬೇಕೇ ಎಂಬುದು ಇಲ್ಲಿ ಚರ್ಚೆಗೆ ಎತ್ತಿಕೊಂಡಿರುವ ಪ್ರಶ್ನೆ.

ವಾದಕ್ಕೆ ಮೊದಲು ಆ ಉಪಕರಣಗಳು ಯಾವುವೆಂದು ತಿಳಿಯಬೇಕು. ಜಪಾನಿನ ಸಾಂಪ್ರದಾಯಿಕ ವಿಧಾನದಲ್ಲಿ ಪೆನ್ಸಿಲಿನ ಕರಡಿನ ಮೇಲೆ ಶಾಯಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬಿನಿಂದ ಗೆರೆ ಎಳೆಯಲಾಗುತ್ತದೆ. ಇವುಗಳಲ್ಲಿ ಜಿ-ಪೆನ್ ಎಂಬ ನಿಬ್ಬು ಒತ್ತಿದಾಗ ಸೀಳು ಅಗಲವಾಗಿ ದಪ್ಪ ಗೆರೆಯನ್ನೂ ಹಗುರವಾಗಿ ಹಿಡಿದಾಗ ತೆಳುಗೆರೆಯನ್ನೂ ಕೊಡುತ್ತದೆ. ಮಾರು-ಪೆನ್ ಎಂಬುದು ಕೂದಲು, ರೆಪ್ಪೆಗಳಂಥ ಸೂಕ್ಷ್ಮ ಗೆರೆಗಳಿಗೆ. ಕಾಗದ ಬಿ4 ಅಳತೆಯದು, ಅಂದರೆ 257 × 364 ಮಿಲಿಮೀಟರ್. ಅದರೊಳಗೆ 180 × 270 ಮಿಲಿಮೀಟರಿನ ಚೌಕಟ್ಟನ್ನು, ಮುದ್ರಣದಲ್ಲಿ ಮಾಯವಾಗುವ ತಿಳಿನೀಲಿ ಬಣ್ಣದಲ್ಲಿ ಮೊದಲೇ ಗುರುತಿಸಿರುತ್ತಾರೆ. ನೆರಳಿಗಾಗಿ ಸ್ಕ್ರೀನ್ ಟೋನ್ ಎಂಬ, ಸಣ್ಣ ಚುಕ್ಕಿಗಳನ್ನು ಅಚ್ಚು ಮಾಡಿದ ಅಂಟುಹಾಳೆಯನ್ನು ಕತ್ತರಿಸಿ ಮೆತ್ತುತ್ತಾರೆ, ತಪ್ಪು ತಿದ್ದಲು ಬಿಳಿ ಶಾಯಿ ಬಳಸುತ್ತಾರೆ. ಈ ಸಾಮಾನುಗಳನ್ನೆಲ್ಲ ಒಟ್ಟಿಗೆ ಇಟ್ಟಿರುವ ಅಂಗಡಿಯನ್ನು ಸಣ್ಣ ಪಟ್ಟಣದಲ್ಲಿ ನಿರೀಕ್ಷಿಸಲಾಗದು.

ಪರ

ಊರಂಗಡಿಯ ಸಾಮಗ್ರಿ ಸಾಕೆನ್ನುವವರ ಮುಖ್ಯ ಆಧಾರ ಮಾಂಗಾದ ಸ್ವಭಾವದಲ್ಲೇ ಇದೆ. ತೈಲಚಿತ್ರವನ್ನೋ ಜಲವರ್ಣಚಿತ್ರವನ್ನೋ ನೋಡುವವರು ಮೂಲವನ್ನೇ ನೋಡಲು ಬಯಸುತ್ತಾರೆ. ಮಾಂಗಾ ಓದುವವರ ಕೈಗೆ ಮಾತ್ರ ಮೂಲ ಎಂದೂ ಬರುವುದಿಲ್ಲ, ಬರುವುದು ಅದರ ಪ್ರತಿ. ಜಪಾನಿನ ಮಾಂಗಾ ವಾರಪತ್ರಿಕೆಗಳು ಸಹ ಅಗ್ಗದ ಒರಟು ಕಾಗದದ ಮೇಲೆ ಒಂದೇ ಬಣ್ಣದ ಶಾಯಿಯಲ್ಲಿ ಅಚ್ಚಾಗುವಂಥವು. ಆದ್ದರಿಂದ ಮೂಲದ ಕಾಗದ ಎಷ್ಟು ಶ್ರೇಷ್ಠವಾಗಿತ್ತೆಂಬುದಕ್ಕಿಂತ, ಪ್ರತಿ ತೆಗೆದಾಗ ಕಪ್ಪು ಕಪ್ಪಾಗಿಯೂ ಬಿಳುಪು ಬಿಳುಪಾಗಿಯೂ ಉಳಿಯುತ್ತದೆಯೇ ಎಂಬುದೇ ಮುಖ್ಯವಾಗುತ್ತದೆ. ಎ4 ಹಾಳೆಯಲ್ಲಿ 150 × 220 ಮಿಲಿಮೀಟರಿನ ಚೌಕಟ್ಟು ಹಾಕಿಕೊಂಡು ಬರೆಯುವ ಪದ್ಧತಿ ಜಪಾನಿನ ಹವ್ಯಾಸಿಗಳಲ್ಲೂ ಇದೆ. ಅವರಿಗೆ ಒಪ್ಪಿತವಾದ ಅಳತೆ ಜಹೀರಾಬಾದಿನ ಪ್ರತಿ ಜೆರಾಕ್ಸ್ ಅಂಗಡಿಯಲ್ಲೂ ಇದೆಯೆಂದಾಗ ಬಿ4 ಕಾಗದಕ್ಕಾಗಿ ಹುಡುಕಾಡುವ ಅಗತ್ಯ ಉಳಿಯುವುದಿಲ್ಲ.

ಉಳಿದ ವಸ್ತುಗಳಿಗೂ ಹತ್ತಿರದ ಬದಲಿಗಳಿವೆ. ನಟರಾಜ್, ಅಪ್ಸರಾ, ಡೋಮ್ಸ್ ಪೆನ್ಸಿಲುಗಳು ಕರಡಿಗೆ ಯಾವ ಕೊರತೆಯನ್ನೂ ಮಾಡುವುದಿಲ್ಲ. ಎಚ್‌ಬಿ ಅಥವಾ 2ಎಚ್ ಪೆನ್ಸಿಲಿನಿಂದ ಹಗುರವಾಗಿ ಬರೆದರೆ ಅಳಿಸುವುದೂ ಸುಲಭ. ತಿದ್ದುಪಡಿಗೆ ಬಿಳಿ ಪೋಸ್ಟರ್ ಬಣ್ಣದ ಒಂದು ಸಣ್ಣ ಸೀಸೆ ಬಹುಕಾಲ ಬರುತ್ತದೆ. ದಟ್ಟ ಕಪ್ಪು ತುಂಬಲು ಕ್ಯಾಮೆಲ್ ಡ್ರಾಯಿಂಗ್ ಇಂಕ್ ಇದೆ. ಅದನ್ನು ತಯಾರಿಸುವ, 1931ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ಯಾಮ್ಲಿನ್ ಸಂಸ್ಥೆಯ ಬಹುಪಾಲು ಷೇರುಗಳನ್ನು 2011ರಲ್ಲಿ ಕೊಂಡದ್ದು ಕೊಕುಯೊ ಎಂಬ ಜಪಾನೀ ಸಂಸ್ಥೆಯೇ ಆಗಿರುವುದರಿಂದ, ಜಪಾನಿನ ಹೆಸರಿಗೇ ಮರುಳಾಗುವವರು ಅಷ್ಟು ಸಮಾಧಾನವನ್ನೂ ಪಡೆಯಬಹುದು. ಸ್ಕ್ರೀನ್ ಟೋನ್‌ಗೆ ಬದಲಾಗಿ ಒತ್ತಾದ ಗೀರುಗಳಿಂದಲೋ ಚುಕ್ಕಿಗಳಿಂದಲೋ ನೆರಳು ಮಾಡಬಹುದು, ಅಥವಾ ಹಾಳೆಯ ಫೋಟೋ ತೆಗೆದು ಐಬಿಸ್ ಪೇಂಟ್, ಮೆಡಿಬ್ಯಾಂಗ್‌ಗಳಂಥ ಉಚಿತವಾಗಿ ದೊರೆಯುವ ಮೊಬೈಲ್ ಆ್ಯಪ್‌ಗಳಲ್ಲಿ ಚುಕ್ಕಿಯ ನೆರಳನ್ನು ಸೇರಿಸಬಹುದು. ತಾಂಡೂರಿನವರಿಗಂತೂ ಬರೆಯುವ ಹಲಗೆಯನ್ನು ಕೊಳ್ಳುವ ಖರ್ಚೂ ಇಲ್ಲ. ಆ ಊರಿನ ಹೆಸರನ್ನೇ ಹೊತ್ತು ದೂರದೂರಿಗೆ ಹೋಗುವ ಪಾಲಿಶ್ ಮಾಡಿದ ಕಲ್ಲಿನ ತುಂಡೊಂದು, ಭಾರವೆಂಬುದನ್ನು ಬಿಟ್ಟರೆ, ಡ್ರಾಯಿಂಗ್ ಬೋರ್ಡಿಗಿಂತ ಸಮತಟ್ಟಾಗಿರುತ್ತದೆ.

ಪ್ರಕಟಣೆಯ ಲೆಕ್ಕವೂ ಈ ಪಕ್ಷಕ್ಕೆ ಅನುಕೂಲವಾಗಿದೆ. ಎ4 ಅಳತೆಯಲ್ಲಿ ಬರೆದ ಪುಟವನ್ನು ಜೆರಾಕ್ಸ್ ಯಂತ್ರದಲ್ಲಿ ನೂರಕ್ಕೆ 71ಕ್ಕೆ ಕುಗ್ಗಿಸಿದರೆ ಅದು ಎ5 ಆಗುತ್ತದೆ. ಒಂದು ಎ4 ಹಾಳೆಯ ಎರಡೂ ಬದಿಗಳಲ್ಲಿ ಇಂಥ 4 ಪುಟಗಳು ಹಿಡಿಯುವುದರಿಂದ, ಎರಡು ಹಾಳೆಗಳನ್ನು ಮಡಚಿ ನಡುವೆ ಪಿನ್ನು ಹೊಡೆದರೆ 8 ಪುಟಗಳ ಪುಸ್ತಿಕೆ ಸಿದ್ಧವಾಗುತ್ತದೆ. ಒಂದು ಪ್ರತಿಗೆ ತಗಲುವುದು ನಾಲ್ಕು ಜೆರಾಕ್ಸಿನ ಹಣ ಮಾತ್ರ.

ಚಿತ್ರದ ನಯಕ್ಕಿಂತ ಕತೆಯ ಬಲವೇ ಓದುಗರನ್ನು ಹಿಡಿಯುತ್ತದೆ ಎಂಬುದಕ್ಕೆ ಜಪಾನಿನದೇ ನಿದರ್ಶನವಿದೆ. ‘ಒನ್’ ಎಂಬ ಅಂಕಿತದ ಲೇಖಕರು 2009ರಲ್ಲಿ ಅಂತರಜಾಲದಲ್ಲಿ ಆರಂಭಿಸಿದ ‘ಒನ್-ಪಂಚ್ ಮ್ಯಾನ್’ ಕೃತಿಯ ಚಿತ್ರಗಳು ಎಷ್ಟು ಒರಟಾಗಿದ್ದವೆಂದರೆ, ಶಾಲಾ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಚಿದಂತೆ ಕಾಣುತ್ತಿದ್ದವು. ಆದರೂ ಅದಕ್ಕೆ ಓದುಗರು ಮುಗಿಬಿದ್ದರು, 2012ರಿಂದ ಯೂಸುಕೆ ಮುರಾತಾ ಎಂಬ ನುರಿತ ಚಿತ್ರಕಾರರು ಅದನ್ನು ಹೊಸದಾಗಿ ಬರೆಯತೊಡಗಿದರು. ಅಗ್ಗದ ಸಾಮಗ್ರಿಯ ಇನ್ನೂ ದೊಡ್ಡ ಲಾಭವೊಂದನ್ನು ಪರ ವಾದಿಸುವವರು ಎತ್ತಿ ತೋರಿಸುತ್ತಾರೆ: ಬೆಲೆಬಾಳುವ ಹಾಳೆ ಎದುರಿಗಿದ್ದಾಗ ಕಲಿಯುವ ಕೈ ಹಿಂಜರಿಯುತ್ತದೆ, ಅಗ್ಗದ ಹಾಳೆಯಾದರೆ ಕೆಟ್ಟ ಪುಟವನ್ನು ಹರಿದೆಸೆದು ಮತ್ತೊಂದಕ್ಕೆ ಕೈಹಾಕುತ್ತದೆ.

ವಿರೋಧ

ಎದುರು ಪಕ್ಷದವರು ಈ ಯಾವ ಸಂಗತಿಯನ್ನೂ ಅಲ್ಲಗಳೆಯುವುದಿಲ್ಲ. ಅವರ ಆಕ್ಷೇಪ ಅಗ್ಗವೆಂಬುದನ್ನು ಅಳೆಯುವ ಬಗೆಯ ಮೇಲೆ. ವಸ್ತುವಿನ ಬೆಲೆ ಕಡಿಮೆಯಿರುವುದು ಬೇರೆ, ಮುಗಿದ ಒಂದು ಪುಟಕ್ಕೆ ತಗಲುವ ಖರ್ಚು ಕಡಿಮೆಯಿರುವುದು ಬೇರೆ. ಜೆರಾಕ್ಸಿನ 70-75 ಜಿಎಸ್‌ಎಂ ಕಾಗದ, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ ಕಾಗದ, ಯಂತ್ರದ ಒಣಪುಡಿಗೆಂದು ತಯಾರಾದದ್ದೇ ಹೊರತು ದ್ರವ ಶಾಯಿಗೆಂದು ಅಲ್ಲ. ಅದರ ಮೇಲೆ ಫೌಂಟನ್ ಪೆನ್ನಿನ ಶಾಯಿಯಿಂದ ಎಳೆದ ಗೆರೆ ನಾರುಗಳ ಗುಂಟ ಹರಡಿ ಅಂಚೆಲ್ಲ ಕವಲೊಡೆಯುತ್ತದೆ. ಡ್ರಾಯಿಂಗ್ ಶೀಟ್ ಎಂದು ಕೊಡುವ ದಪ್ಪ ಹಾಳೆಯ ಮೈ ಒರಟಾಗಿರುವುದರಿಂದ ಪೆನ್ಸಿಲಿಗೆ ಹೊಂದುತ್ತದೆ, ಚೂಪಾದ ನಿಬ್ಬನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. ಜೆಲ್ ಪೆನ್ನಿನ ಗೆರೆ ಒಣಗಿದಂತೆ ಕಂಡರೂ, ಮೇಲೆ ರಬ್ಬರ್ ಉಜ್ಜಿದೊಡನೆ ಬೂದಿಯಂತೆ ಹರಡುತ್ತದೆ. ಪರ್ಮನೆಂಟ್ ಮಾರ್ಕರ್ ಹಾಳೆಯ ಹಿಂಬದಿಗೂ ಇಳಿಯುತ್ತದೆ. ಕಲಿಯುವವರಿಗೆ ಈ ಕಾರಣಗಳು ತಿಳಿಯದಿದ್ದಾಗ ಕಾಗದದ ದೋಷವನ್ನು ಅವರು ತಮ್ಮ ಕೈಯ ದೋಷವೆಂದೇ ತಿಳಿಯುತ್ತಾರೆ. ಹಾಳಾದ ಹಾಳೆಯ ಬೆಲೆಗಿಂತ ಇದರ ನಷ್ಟ ಹೆಚ್ಚು.

ಎರಡನೆಯ ಆಕ್ಷೇಪ ಗೆರೆಯನ್ನು ಕುರಿತದ್ದು. ಮಾಂಗಾದಲ್ಲಿ ಸಾಮಾನ್ಯವಾಗಿ ಬಣ್ಣವಿಲ್ಲ, ತೈಲಚಿತ್ರದಂತೆ ಹದವಾದ ಛಾಯೆಗಳೂ ಇಲ್ಲ. ಹತ್ತಿರ-ದೂರ, ವೇಗ, ಭಾರ, ಸಿಟ್ಟುಗಳೆಲ್ಲವೂ ಗೆರೆ ದಪ್ಪವಾಗುವ, ಸಣ್ಣಗಾಗುವ ರೀತಿಯಿಂದಲೇ ಮೂಡಬೇಕು. 0.5 ಮಿಲಿಮೀಟರಿನ ಜೆಲ್ ಪೆನ್ನು ಎಷ್ಟು ಒತ್ತಿದರೂ ಅಷ್ಟೇ ದಪ್ಪದ ಗೆರೆ ಕೊಡುತ್ತದೆ. ಜಹೀರಾಬಾದ್, ನಾರಾಯಣಖೇಡ್‌ಗಳಲ್ಲಿ ಉರ್ದು ಓದುಬರಹ ಇರುವ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓರೆಯಾಗಿ ಕತ್ತರಿಸಿದ ಜೊಂಡುಕಡ್ಡಿಯ ಕಲಮು ಒಂದೇ ಅಕ್ಷರದೊಳಗೆ ದಪ್ಪ-ಸಣ್ಣಗಳನ್ನು ತರುವುದನ್ನು ಕಂಡವರು, ಅದೇ ಅಕ್ಷರವನ್ನು ಬಾಲ್‌ಪೆನ್ನಿನಿಂದ ಬರೆದರೆ ಏನು ಕಳೆದುಹೋಗುತ್ತದೆಂಬುದನ್ನೂ ಬಲ್ಲರು. ಕಲಮಿನಲ್ಲಿ ಕೋನದಿಂದ ಆಗುವ ಕೆಲಸ ಜಿ-ಪೆನ್ನಿನಲ್ಲಿ ಒತ್ತಡದಿಂದ ಆಗುತ್ತದೆ, ಆ ಒತ್ತಡದ ಅಭ್ಯಾಸ ಬೇರೆ ಪೆನ್ನಿನಿಂದ ಬರುವುದಿಲ್ಲ.

ವಿರೋಧಪಕ್ಷದ ಅತ್ಯಂತ ಬಲವಾದ ಮಾತು ಹಣದ ಲೆಕ್ಕದಲ್ಲಿಯೇ ಇದೆ. ಫೈನ್‌ಲೈನರ್ ಎಂದು ಮಾರುವ ತೆಳುಮೊನೆಯ ಪೆನ್ನುಗಳಲ್ಲಿ ಹೆಸರಾದದ್ದು ಸಕುರಾ ಸಂಸ್ಥೆಯ ಪಿಗ್ಮಾ ಮೈಕ್ರಾನ್. ಅದರಲ್ಲಿ 01 ಎಂಬ ಗುರುತಿನದು 0.25, 05 ಎಂಬುದು 0.45, 08 ಎಂಬುದು 0.5 ಮಿಲಿಮೀಟರಿನ ಗೆರೆ ಕೊಡುತ್ತದೆ, ಶಾಯಿ ನೀರಿಗೆ ಕರಗುವುದಿಲ್ಲ. ಆದರೆ ದಪ್ಪ-ಸಣ್ಣ ಗೆರೆಗಳಿಗಾಗಿ ಇಂಥ ಮೂರು ಪೆನ್ನುಗಳನ್ನಾದರೂ ಕೊಳ್ಳಬೇಕು, ಶಾಯಿ ಮುಗಿದಾಗ ಅಥವಾ ಮೊನೆ ಸವೆದಾಗ ಎಸೆಯಬೇಕು. ಅದ್ದಿ ಬರೆಯುವ ಪೆನ್ನಿನ ಹಿಡಿಕೆಯೋ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಬದಲಾಗಬೇಕಾದದ್ದು ನಿಬ್ಬೊಂದೇ, ಒಂದೇ ನಿಬ್ಬು ಮೂರು ಪೆನ್ನುಗಳ ಕೆಲಸ ಮಾಡುತ್ತದೆ. ಹಾಗಾಗಿ ಜಪಾನಿನಿಂದ ತರಿಸಿದ ವಿಶೇಷ ಉಪಕರಣವೆಂದು ದೂರವಿಟ್ಟದ್ದೇ ದೀರ್ಘಕಾಲದಲ್ಲಿ ಅಗ್ಗವಾಗುತ್ತದೆ. ಇದರ ಜೊತೆಗೆ ಒಂದು ಎಚ್ಚರಿಕೆಯೂ ಸೇರುತ್ತದೆ: ಅರಗು ಬೆರೆತ ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬಾರದು, ತುಂಬಿದರೆ ಒಳಗೇ ಗಟ್ಟಿಯಾಗಿ ಪೆನ್ನು ಕೆಡುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕುಳಿತರೆ ನಿಬ್ಬಿನ ಮೇಲೂ ಅದು ಬೇಗ ಒಣಗುವುದರಿಂದ, ಒದ್ದೆ ಬಟ್ಟೆಯಿಂದ ಆಗಾಗ ಒರೆಸುತ್ತಿರಬೇಕು.

ಮೊಬೈಲಿನ ಉಚಿತ ಆ್ಯಪ್‌ಗಳ ಮಾತಿಗೂ ಮಿತಿಯಿದೆ. ಬಿ5 ಅಳತೆಯ ಪುಟವನ್ನು ಕಪ್ಪು-ಬಿಳುಪು ಮುದ್ರಣಕ್ಕೆ ಯೋಗ್ಯವಾದ 600 ಡಿಪಿಐನಲ್ಲಿ, ಎಂದರೆ ಅಂಗುಲವೊಂದಕ್ಕೆ 600 ಬಿಂದುಗಳಂತೆ ಸಿದ್ಧಪಡಿಸಿದರೆ, ಅದು ಸುಮಾರು 4,300 × 6,070 ಬಿಂದುಗಳ, ಒಟ್ಟು 2.6 ಕೋಟಿ ಬಿಂದುಗಳ ಚಿತ್ರವಾಗುತ್ತದೆ. ಕಡಿಮೆ ಬೆಲೆಯ ಫೋನಿನಲ್ಲಿ ಇಂಥ ಪುಟಕ್ಕೆ ನಾಲ್ಕಾರು ಪದರ ಸೇರಿಸುವಷ್ಟರಲ್ಲಿ ಕೆಲಸ ತೆವಳತೊಡಗುತ್ತದೆ. ಬೆರಳಿಗೂ ಸಾಮಾನ್ಯ ರಬ್ಬರ್ ಮೊನೆಯ ಕಡ್ಡಿಗೂ ಒತ್ತಡದ ಅರಿವಿಲ್ಲ.

ಬಣ್ಣದ ಮಾರ್ಕರುಗಳ ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ಜಗಳವಿಲ್ಲ. ಅಮರ ಚಿತ್ರಕಥಾ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಕನ್ನಡದಲ್ಲಿ; ಆ ಮಾಲೆಯನ್ನು ಓದುತ್ತ ಬಂದ ಮನೆಗಳಲ್ಲಿ ಚಿತ್ರಕತೆ ಎಂದರೆ ಬಣ್ಣ ಎಂಬ ಭಾವನೆ ಬೇರೂರಿರುವುದು ಸಹಜ. ಮಗು ಕೇಳಿದೊಡನೆ ತಂದೆತಾಯಿಗಳು ಮೊದಲು ಕೊಡಿಸುವುದೂ ನಲವತ್ತೆಂಟು ಬಣ್ಣಗಳ ಪೆಟ್ಟಿಗೆಯನ್ನೇ. ಮಾಂಗಾದಲ್ಲಿ ಬಣ್ಣಕ್ಕೆ ಸ್ಥಾನವಿರುವುದು ಮುಖಪುಟಕ್ಕೆ ಮತ್ತು ಅಪರೂಪಕ್ಕೆ ಆರಂಭದ ಕೆಲವು ಪುಟಗಳಿಗೆ. ಆ ಪೆಟ್ಟಿಗೆಯ ಹಣದಲ್ಲಿ ನಿಬ್ಬು, ಹಿಡಿಕೆ, ಶಾಯಿ, ಒಳ್ಳೆಯ ಕಾಗದ ಎಲ್ಲವೂ ಬರುತ್ತಿದ್ದವು.

ತೂಗಿ ನೋಡಿದರೆ ಪರವಾಗಿರುವವರ ವಾದ ಪೆನ್ಸಿಲಿಗೆ, ಅಳತೆಗೆ, ನೆರಳಿಗೆ, ಪ್ರಕಟಣೆಗೆ ನಿಲ್ಲುತ್ತದೆ. ಶಾಯಿ ಮತ್ತು ಕಾಗದ ಸೇರುವಲ್ಲಿ ವಿರೋಧಪಕ್ಷದ ವಾದವೇ ಗೆಲ್ಲುತ್ತದೆ. ಆದರೆ ಅಲ್ಲಿಯೂ ಜಪಾನಿನ ಕಾಗದವೇ ಆಗಬೇಕೆಂಬ ಹಟಕ್ಕೆ ಆಧಾರ ಸಾಲದು. ಮಾಂಗಾ ಕಾಗದದ ಕಟ್ಟಿನ ಮೇಲೆ ಅಚ್ಚಾಗಿರುವ 110 ಕಿಲೋ ಎಂಬ ಗುರುತು ಹೆಚ್ಚುಕಡಿಮೆ 128 ಜಿಎಸ್‌ಎಂಗೆ ಸಮ. ಬೀದರ್ ಅಥವಾ ಹೈದರಾಬಾದಿಗೆ ಹೋದಾಗ 100ರಿಂದ 130 ಜಿಎಸ್‌ಎಂವರೆಗಿನ ನಯವಾದ ಬಾಂಡ್ ಕಾಗದವನ್ನು ಬಿಡಿಹಾಳೆಯಾಗಿ ತಂದು, ಒಂದು ಮೂಲೆಯಲ್ಲಿ ನಿಬ್ಬು ಎಳೆದು ಗೆರೆ ಹರಡುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕಟ್ಟು ಕೊಂಡರೆ ಸಾಕು. ಕರಡುಗಳಿಗೆ ಜೆರಾಕ್ಸ್ ಕಾಗದ, ಅಚ್ಚುಕಟ್ಟು ಪ್ರತಿಗೆ ಮಾತ್ರ ಬಾಂಡ್ ಕಾಗದ ಎಂದು ಹಂಚಿಕೊಂಡರೆ ಕೈಯ ಹಿಂಜರಿಕೆಯೂ ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಚಾರವಿದೆ, ಎರಡೂ ಪಕ್ಷಗಳು ಅದನ್ನು ಗಮನಿಸಿದಂತಿಲ್ಲ. ಜಪಾನೀ ಬರಹ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಮಾಂಗಾದ ಮಾತಿನ ಗುಳ್ಳೆಗಳು ಎತ್ತರವಾಗಿ, ಸಪೂರವಾಗಿ ಇರುತ್ತವೆ. ಅಂಥ ಗುಳ್ಳೆಯೊಳಗೆ ‘ಹೋಗಬೇಕಾಗಿತ್ತಲ್ಲವೇ’ ಎಂಬ ಒಂದು ಕನ್ನಡ ಪದವೂ ಹಿಡಿಯದು. ಗುಳ್ಳೆ ಅಡ್ಡಕ್ಕೆ ಅಗಲವಾಗಬೇಕು, ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು. ಅಕ್ಷರಕ್ಕೆ ಜಿ-ಪೆನ್ ಹೊಂದುವುದೇ ಇಲ್ಲ, ಒಂದೇ ದಪ್ಪದ ಗೆರೆ ಕೊಡುವ ಹತ್ತು ರೂಪಾಯಿಯ ಜೆಲ್ ಪೆನ್ನೇ ಇಲ್ಲಿ ಲೇಸು. ಪೆನ್ಸಿಲಿನ ಗುರುತನ್ನು ಅಳಿಸಿ ಮುಗಿದ ಮೇಲೆ ಅಕ್ಷರ ಬರೆದರೆ ಅದು ಹರಡುವ ಭಯವೂ ಇಲ್ಲ. ಯಾವ ಮೊನೆಯ ಪೆನ್ನೆಂದು ತೀರ್ಮಾನಿಸುವ ಮೊದಲು ‘ಸ್ತ್ರೀ’, ‘ಲಕ್ಷ್ಮೀ’, ‘ರಾಷ್ಟ್ರ’ ಎಂಬಂಥ ಪದಗಳನ್ನು ಬೇರೆಬೇರೆ ಅಳತೆಯಲ್ಲಿ ಒಂದೇ ಹಾಳೆಯ ಮೇಲೆ ಬರೆದು, ಜೆರಾಕ್ಸಿನಲ್ಲಿ ನೂರಕ್ಕೆ 71ಕ್ಕೆ ಕುಗ್ಗಿಸಿ, ಒತ್ತಿನ ಸಂದುಗಳು ಯಾವ ಅಳತೆಯಲ್ಲಿ ಮುಚ್ಚಿಹೋಗುತ್ತವೆಂದು ನೋಡಬೇಕು. ಗುಳ್ಳೆಯ ಅಗಲವನ್ನೂ ಚೌಕಟ್ಟಿನ ಹಂಚಿಕೆಯನ್ನೂ ಗೊತ್ತುಮಾಡುವುದು ಆ ಮೇಲೆ.