ಚಳಿಗಾಲದ ಹವೆ: ಯಾವ ಮಾತನ್ನು ನಂಬಬೇಕು?



ನವೆಂಬರ ಕೊನೆಯ ಹೊತ್ತಿಗೆ ಹವಾಮಾನ ಇಲಾಖೆಯು ಫೆಬ್ರುವರಿವರೆಗಿನ ಚಳಿಯ ಮುನ್ನೋಟ ಪ್ರಕಟಿಸುತ್ತದೆ. ಓದಿರಿ, ಆದರೆ ಅದು ವಿಶಾಲ ಪ್ರದೇಶದ ಸರಾಸರಿಯ ಮಾತು. ತಿಕೋಟಾದ ನಿಮ್ಮ ಪಡದ ಮೇಲೆ ಯಾವ ದಿನ ಮೋಡ ಕವಿದೀತೆಂದು ಅದು ಹೇಳಲಾರದು.

ವಿಜಯಪುರದ ಸುತ್ತಲಿನದು ಸಮುದ್ರದಿಂದ ದೂರದ, ಸುಮಾರು 600 ಮೀಟರು ಎತ್ತರದ ಬಯಲು. ಆಕಾಶ ಶುಭ್ರವಿದ್ದರೆ ಹಗಲಿನ ಕಾವು ರಾತ್ರಿ ಬೇಗ ಆರುತ್ತದೆ; ಕೆಲವು ವರ್ಷ ಉಷ್ಣತೆ 10 ಡಿಗ್ರಿಗೂ ಕೆಳಗಿಳಿಯುತ್ತದೆ. ಹಿತವಾದ ಚಳಿ ಬಬಲೇಶ್ವರ ಕಡೆಯ ಕಡಲೆಗೆ ಒಳ್ಳೆಯದೇ. ತಡವಾಗಿ ಬಿತ್ತಿದ ಬಿಳಿಜೋಳ ಹೂವಾಡುವಾಗ ಕಡುಚಳಿ ಬಿದ್ದರೆ ಮಾತ್ರ ಕಾಳು ಸರಿಯಾಗಿ ಕಟ್ಟದು.

ದ್ರಾಕ್ಷಿಯ ಲೆಕ್ಕವೇ ಬೇರೆ. ಅದಕ್ಕೆ ಚಳಿಗಿಂತ ಮೋಡವೇ ವೈರಿ. ಬಂಗಾಳ ಉಪಸಾಗರದಲ್ಲಿ ವಾಯುಭಾರ ಕುಸಿದರೆ ಇಲ್ಲಿಗೂ ಮೋಡ, ತುಂತುರು ಬರುವುದುಂಟು. ಅಕ್ಟೋಬರ ಚಾಟ್ನಿಯ ಪಡ ಹೂವಿನಲ್ಲಿರುವಾಗ ಎಲೆ ತೊಯ್ದೇ ಇದ್ದರೆ ದಾವಣಿ ರೋಗ ಗೊಂಚಲಿಗೂ ತಗಲುತ್ತದೆ. ವರ್ಷದ ಸಾಲ ತಲೆಯ ಮೇಲೆ ಉಳಿಯುತ್ತದೆ. ಹಾಗೆಂದು ನೆರೆಯವರು ಹೊಡೆದರೆಂದು ನಾವೂ ಔಷಧ ಹೊಡೆಯುವುದು ಬರೀ ದುಂದು. (ಅಂಗಡಿಯವರಿಗೇನೋ ಸಂತೋಷವೇ.)

ಮಂಗಳವಾರ, ಶುಕ್ರವಾರ ಹೊರಡುವ ಐದು ದಿನದ ಕೃಷಿ ಹವಾಮಾನ ಸಲಹೆಯನ್ನು ನೋಡಿ ಕೆಲಸ ಮಾಡಿರಿ. ಮಳೆಯ ಸೂಚನೆಯಿದ್ದರೆ ಮಳೆಗೆ ಮುಂಚೆಯೇ ರೋಗ ತಡೆಯುವ ಔಷಧ. ಕಡುಚಳಿಯ ಸೂಚನೆಯಿದ್ದರೆ ಪಡಕ್ಕೆ ರಾತ್ರಿ ಹಗುರವಾಗಿ ನೀರು. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ.

ವಾಚನಾಲಯದವರು ಈ ಸಲಹೆಯ ಹಾಳೆಯನ್ನು ಹಲಗೆಗೆ ಅಂಟಿಸಲಿ. ಸಂಜೆ ಅದನ್ನು ಗಟ್ಟಿಯಾಗಿ ಓದಿ ಹೇಳುವವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು.