ಕಾರ್ಗಿಲ್ ಪಾದ್ರಿಗಳ ಚರಿತ್ರೆಯಲ್ಲಿ ಬಿಟ್ಟುಹೋದ ಪಂಕ್ತಿ

ಮತಪ್ರಚಾರಾರ್ಥವಾಗಿ ಪರದೇಶಗಳಿಗೆ ಹೋದ ಪಾದ್ರಿಗಳ ಚರಿತ್ರೆಯನ್ನು ಬರೆಯುವವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡಕ್ಕೆ ಪಾದ್ರಿಯು ಮಹಾತ್ಯಾಗಿ, ಇನ್ನೊಂದಕ್ಕೆ ಕಪಟವೇಷಧಾರಿ. ಪರಸ್ಪರ ಹಾವು-ಮುಂಗುಸಿಗಳಂತಿರುವ ಈ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯರು: ಪಾದ್ರಿಯ ಮನೆಯೊಳಗೆ ಇಬ್ಬರೂ ಇಣಿಕಿ ನೋಡುವುದಿಲ್ಲ. ಅವರಿಗೆ ಪತ್ನಿಯೊಬ್ಬಳಿದ್ದಳು, ಆಕೆ ಅಲ್ಲಿಯೇ ತೀರಿಕೊಂಡಳು ಎಂಬಷ್ಟರಲ್ಲಿ ಸಂಸಾರಪರ್ವವು ಸಮಾಪ್ತವಾಗುವುದು. ಹರಿಶ್ಚಂದ್ರನ ಕಥೆಯನ್ನು ಬಲ್ಲ ನಾಡಿನ ಲೇಖಕರಿಗಂತೂ ಇದು ಸಲ್ಲದು. ರಾಘವಾಂಕನು ಅರಸನ ಸತ್ಯನಿಷ್ಠೆಯನ್ನು ಕೊಂಡಾಡುವಾಗ ಚಂದ್ರಮತಿಯನ್ನು ಮರೆಯಲಿಲ್ಲ. ಮಗನ ಶವದ ಮುಂದೆ ತಾಯಿಯ ಗೋಳನ್ನು ಕೇಳಿಸಿದ ಮೇಲೆಯೇ ತಂದೆಗೆ ಕೀರ್ತಿಯನ್ನು ಕೊಟ್ಟನು.

ಡೇವಿಡ್ ಕಾರ್ಗಿಲ್ಲರ ಬಾಳನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅವರು 1809ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಅಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿದ ಪದವೀಧರರು. ಅವರನ್ನು ಕಳುಹಿಸಿದುದು ವೆಸ್ಲಿಯನ್ ಮೆಥೊಡಿಸ್ಟ್ ಸಂಘ. (ಗುಬ್ಬಿ, ಬೆಂಗಳೂರು, ಮೈಸೂರುಗಳಲ್ಲಿ ನೆಲಸಿ, 1858ರಲ್ಲಿ ರೀವರ ಕನ್ನಡ ನಿಘಂಟನ್ನು ಸ್ಯಾಂಡರ್ಸನ್ನರ ಪರಿಷ್ಕಾರದೊಡನೆ ತನ್ನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ ಸಂಘವೂ ಇದೇ ಎಂಬುದನ್ನು ವಾಚಕರು ನೆನೆಯಬಹುದು.) ಕಾರ್ಗಿಲ್ಲರು ಮಡದಿ ಮಾರ್ಗರೆಟ್ಟಳೊಡನೆ 1834ರಲ್ಲಿ ಶಾಂತಸಾಗರದ ಟೊಂಗಾ ದ್ವೀಪಗಳನ್ನು ಸೇರಿದರು, 1835ನೆಯ ಅಕ್ಟೋಬರ್ 12ರಂದು ವಿಲಿಯಂ ಕ್ರಾಸ್ ಎಂಬ ಸಹೋದ್ಯೋಗಿಯೊಡನೆ ಫಿಜಿಯ ಲಕೆಂಬ ದ್ವೀಪದಲ್ಲಿಳಿದರು. ಎರಡು ಸಂಸಾರಗಳೂ ಜೊತೆಯಲ್ಲಿದ್ದುವು.

ಅಲ್ಲಿ ಕಾರ್ಗಿಲ್ಲರು ಮಾಡಿದ ಕೆಲಸವು ಅಕ್ಷರಜ್ಞರೆಲ್ಲರ ಗೌರವಕ್ಕೆ ಪಾತ್ರವಾಗತಕ್ಕದ್ದು. ಫಿಜಿ ಭಾಷೆಯಲ್ಲಿ ಬಕಾರ ದಕಾರಗಳು ಒಂಟಿಯಾಗಿ ಬರುವುದಿಲ್ಲ. ಅನುನಾಸಿಕವು ಅವುಗಳಿಗೆ ಅಂಟಿಕೊಂಡೇ ಬರುವುದು. ಯೂರೋಪಿನವರ ಕಿವಿಗೆ ಇವು ಎರಡೆರಡು ವ್ಯಂಜನಗಳು. ಆದುದರಿಂದ ಮೊದಮೊದಲು ಎರಡೆರಡು ರೋಮನ್ ಅಕ್ಷರಗಳಿಂದ ಬರೆದರು. ದ್ವೀಪದವರು ಓದಲು ಕುಳಿತರೆ ನಡುವೆ ಸ್ವರವೊಂದನ್ನು ತುರುಕಿ ತಡವರಿಸುವರು. ಅವರಿಗದು ಒಂದೇ ಧ್ವನಿ. ಕಾರ್ಗಿಲ್ಲರು ತಮ್ಮ ಕಿವಿಯನ್ನು ಬದಿಗಿಟ್ಟು ಆಡುವವರ ಕಿವಿಯನ್ನು ನಂಬಿದರು. ಒಂದು ಧ್ವನಿಗೆ ಒಂದೇ ಅಕ್ಷರವೆಂಬ ಕಟ್ಟಳೆಯನ್ನು ಮಾಡಿದರು. ರೋಮನ್ ಲಿಪಿಯಲ್ಲಿ 'ನದಿ' ಎಂದು ಬರೆದು 'ನಂದಿ' ಎಂದು ಓದುವ ಊರೂ, 'ಲಕೆಬ' ಎಂದು ಬರೆದು 'ಲಕೆಂಬ' ಎನ್ನುವ ಆ ದ್ವೀಪವೂ ಈ ಕಟ್ಟಳೆಗೆ ಇಂದಿಗೂ ಸಾಕ್ಷಿಗಳಾಗಿವೆ. ಶಿಕ್ಷಾಶಾಸ್ತ್ರವನ್ನೋದಿದ ಯಾವ ಪಂಡಿತನೂ ಇದಕ್ಕೆ ತಲೆದೂಗದಿರಲಾರನು.

ಸ್ತುತಿಕಾರರು ಇಲ್ಲಿಗೆ ಲೇಖನಿಯನ್ನು ಕೆಳಗಿಡುವರು. ಬಾಳು ಮಾತ್ರ ಇಲ್ಲಿಗೆ ನಿಲ್ಲಲಿಲ್ಲ.

ತಿಂಗಳುಗಟ್ಟಲೆ ಹಡಗಿನ ಮುಖ ಕಾಣದ ದ್ವೀಪದಲ್ಲಿ, ನೆರೆಹೊರೆಯ ಅರಸರ ಯುದ್ಧಗಳ ನಡುವೆ, ಕೂಸುಗಳನ್ನು ಹೆತ್ತು ಸಾಕುತ್ತ ಆ ಮನೆಯನ್ನು ನಡೆಸಿದವಳು ಮಾರ್ಗರೆಟ್. 1839ರಲ್ಲಿ ಸಂಸಾರವು ರೇವಾ ಎಂಬಲ್ಲಿಗೆ ಹೋಯಿತು. 1840ನೆಯ ಜೂನ್ 2ರಂದು, ಹೆರಿಗೆಯಾಗಿ ಕೆಲವೇ ದಿನಗಳೊಳಗೆ, ಆಕೆ ಅಲ್ಲಿಯೇ ಪ್ರಾಣ ಬಿಟ್ಟಳು. ವಯಸ್ಸು ಮೂವತ್ತರ ಆಸುಪಾಸು. ತಾಯಿಯಿಲ್ಲದ ಪುಟ್ಟ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಾರ್ಗಿಲ್ಲರು ಸ್ವದೇಶಕ್ಕೆ ಹಡಗನ್ನೇರಿದರು. 1841ರಲ್ಲಿ ಅವರು ಲಂಡನ್ನಿನಲ್ಲಿ ಪತ್ನಿಯ ಸ್ಮರಣಗ್ರಂಥವನ್ನು ಪ್ರಕಟಿಸಿದರು. ಅದರ ಹೆಸರನ್ನಾದರೂ ನೋಡಬೇಕು: ಮಾರ್ಗರೆಟ್ಟಳ ಹೆಸರಿನ ಬೆನ್ನಿಗೆ, ಟೊಂಗಾ-ಫಿಜಿಗಳಲ್ಲಿ ಕ್ರೈಸ್ತಮತದ ಅಭಿವೃದ್ಧಿಯ ವಿವರಗಳೂ ಇದರಲ್ಲಿವೆಯೆಂಬ ಮಾತು ಅಂಟಿಕೊಂಡಿದೆ. ಸತ್ತ ಹೆಂಡತಿಯ ಚರಿತ್ರೆಗೂ ಸಂಘದ ವರದಿಯ ಊರುಗೋಲು ಬೇಕಾಯಿತು! ಪತಿಯನ್ನು ಇದಕ್ಕಾಗಿ ಹಳಿಯುವುದು ಉಚಿತವಲ್ಲ. ಗೃಹಿಣಿಯ ಬಾಳು ತನ್ನಷ್ಟಕ್ಕೆ ತಾನೇ ಓದತಕ್ಕ ವಸ್ತುವೆಂದು ಅಂದಿನ ಓದುಗರು ತಿಳಿದಿರಲಿಲ್ಲ. ಇಂದಿನವರಾದರೂ ತಿಳಿದಿರುವರೆ?

ಅದೇ 1841ರಲ್ಲಿ ಕಾರ್ಗಿಲ್ಲರು ಆಗಸ್ಟಾ ಬಿಕ್‌ನೆಲ್ ಎಂಬಾಕೆಯನ್ನು ವರಿಸಿದರು. ಮರುವರ್ಷ ಆಕೆಯೊಡನೆ ಮತ್ತೆ ಅದೇ ಸಾಗರಕ್ಕೆ ಹೊರಟರು. ಟೊಂಗಾದ ವಾವಾಊ ದ್ವೀಪದಲ್ಲಿ 1843ನೆಯ ಏಪ್ರಿಲ್ 25ರಂದು, ಲಾಡನಂ ಎಂಬ ಅಫೀಮಿನ ಔಷಧವನ್ನು ಪ್ರಮಾಣ ಮೀರಿ ಸೇವಿಸಿದ ಕಾರಣ, ಅವರು ಮೃತರಾದರು. ಮನಸ್ಸು ಅದಕ್ಕೆ ಮೊದಲೇ ಕುಗ್ಗಿಹೋಗಿತ್ತು. ವಯಸ್ಸು ಮೂವತ್ತಮೂರು.

ಈ ಪಂಕ್ತಿಯನ್ನು ಬರೆಯಬಾರದೆಂದು ಸ್ತುತಿಕಾರರು ಆಕ್ಷೇಪಿಸುವರು. ಮೃತರ ದೋಷವನ್ನೆತ್ತಿ ಆಡುವುದು ಶಿಷ್ಟಾಚಾರವಲ್ಲವೆನ್ನುವರು. ದುಃಖದಿಂದ ಮನಸ್ಸು ಮುರಿದುದು ದೋಷವೆಂದು ಇವರಿಗೆ ಹೇಳಿಕೊಟ್ಟವರಾರು? ಮರೆಮಾಚುವವನೇ ಮೊದಲು ಅದನ್ನು ಅಪರಾಧವೆಂದು ಒಪ್ಪಿಕೊಂಡವನು. ನಿಂದಕರಾದರೋ, ಇದೇ ಪಂಕ್ತಿಯನ್ನು ಹಿಡಿದು, ಪರರ ಆತ್ಮವನ್ನುದ್ಧರಿಸ ಹೋದವನು ತನ್ನ ಜೀವವನ್ನೇ ಉಳಿಸಿಕೊಳ್ಳಲಾರದೆ ಹೋದನೆಂದು ನಗುವರು. ಈ ನಗೆಯು ನೀಚವಾದುದು. ಮತವು ಯಾವುದೇ ಆಗಲಿ, ಹೆಂಡತಿಯನ್ನು ಪರದೇಶದ ಮಣ್ಣಿಗೊಪ್ಪಿಸಿ, ಮೂರು ವರ್ಷದೊಳಗೆ ಅದೇ ಕಡಲಿನ ದ್ವೀಪಕ್ಕೆ ಮರಳಿದವನ ಎದೆಯೊಳಗೇನಿತ್ತೆಂಬುದನ್ನು ನಗುವವರು ಬಲ್ಲರೆ?

ಕೇಳತಕ್ಕ ಪ್ರಶ್ನೆಯು ಬೇರೆಯಿದೆ. ಅಂತಹ ಸ್ಥಿತಿಯಲ್ಲಿದ್ದವರನ್ನು ಅಷ್ಟು ಬೇಗನೆ ಮತ್ತೆ ಕಳುಹಿಸಿದ ಲಂಡನ್ನಿನ ಹಿರಿಯರ ಹೊಣೆಯೆಷ್ಟು? ಕಾರ್ಗಿಲ್ಲರು ತಾವಾಗಿಯೇ ಹೊರಟರೆಂದು ಸಮಾಧಾನ ಹೇಳಬಹುದು. ಆ ಪುಟ್ಟ ಹೆಣ್ಣುಮಕ್ಕಳು ತಾವಾಗಿಯೇ ತಬ್ಬಲಿಗಳಾದರೆ? ಶಿಬಿಯು ಪಾರಿವಾಳಕ್ಕಾಗಿ ಕೊಯ್ದು ಕೊಟ್ಟುದು ತನ್ನ ತೊಡೆಯ ಮಾಂಸವನ್ನು, ಪಕ್ಕದಲ್ಲಿದ್ದವರದನ್ನಲ್ಲ. ಯಜಮಾನನು ಯಾಗದ ಫಲವನ್ನು ಪಡೆಯುವನು ನಿಜ, ಯೂಪಕ್ಕೆ ಕಟ್ಟಿದ ಪಶುವಿನ ಸಮ್ಮತಿಯನ್ನು ಕೇಳಿದವರುಂಟೆ? ತ್ಯಾಗವೆಂಬ ಶಬ್ದವನ್ನು ಪಾದ್ರಿಯೊಬ್ಬನ ಲೆಕ್ಕಕ್ಕೇ ಬರೆಯುವ ಚರಿತ್ರಕಾರರು ಈ ಲೆಕ್ಕವನ್ನು ಸುಳ್ಳು ಮಾಡುತ್ತಿರುವರು.

ಸಾಮಗ್ರಿಯು ಸಿಕ್ಕದೆಂಬ ನೆಪಕ್ಕೂ ಈಗ ಎಡೆಯಿಲ್ಲ. ಕಾರ್ಗಿಲ್ಲರ ದಿನಚರಿಯೂ ಪತ್ರಗಳೂ ಷೂಟ್ಸ್ ಎಂಬ ಭಾಷಾಶಾಸ್ತ್ರಜ್ಞರ ಸಂಪಾದಕತ್ವದಲ್ಲಿ 1977ರಲ್ಲಿಯೇ ಅಚ್ಚಾಗಿವೆ. ಮಾರ್ಗರೆಟ್ಟಳ ಸ್ಮರಣಗ್ರಂಥವು ಅದಕ್ಕಿಂತಲೂ ನೂರಮೂವತ್ತಾರು ವರ್ಷ ಹಳೆಯದು. ಕನ್ನಡದಲ್ಲಿ ಇಂತಹವರ ಚರಿತ್ರೆಯನ್ನು ಬರೆಯಲೆಳಸುವವರು ಈ ಎರಡು ಹೊತ್ತಗೆಗಳನ್ನು ಮುಂದಿಟ್ಟುಕೊಂಡು, ಫಿಜಿಯ ಅಕ್ಷರಗಳಿಗೆ ಎಷ್ಟು ಪುಟಗಳನ್ನು ಮೀಸಲಿಡುವರೋ ರೇವಾದ ಆ ಸಮಾಧಿಗೂ ವಾವಾಊವಿನಲ್ಲಿ ವಿಧವೆಯಾದ ಆಗಸ್ಟಾಳಿಗೂ ಅಷ್ಟೇ ಪುಟಗಳನ್ನು ಕೊಡಲಿ.